ಜಗಳವಾಡಲು ಯಾರ ಅಪ್ಪಣೆಯೂ ಬೇಕಿಲ್ಲ

ಇಬ್ಬರು ಹೆಂಗಸರು ಒಂದೇ ಕಚೇರಿಯಲ್ಲಿ ವರ್ಷಗಟ್ಟಲೆ ಜಗಳವಾಡುತ್ತಿದ್ದರೆ ಕಲಬುರಗಿಯಲ್ಲಿ ಅದನ್ನು ಯಾರೂ ವಿಚಿತ್ರವೆಂದು ಭಾವಿಸುವುದಿಲ್ಲ. ಒಬ್ಬಳು ಬರೆದ ಟಿಪ್ಪಣಿಯನ್ನು ಇನ್ನೊಬ್ಬಳು ಎರಡೆರಡು ಸಲ ಓದುತ್ತಾಳೆ. ಅವಳು ಎಷ್ಟು ಹೊತ್ತಿಗೆ ಬಂದಳು, ಯಾರ ಜೊತೆ ಊಟಕ್ಕೆ ಕುಳಿತಳು, ಮೇಲಧಿಕಾರಿಯ ಕೋಣೆಯಿಂದ ಯಾವ ಮುಖ ಹೊತ್ತು ಹೊರಬಂದಳು ಎಂಬುದೆಲ್ಲ ಇವಳಿಗೆ ಗೊತ್ತಿರುತ್ತದೆ. ಕಂಡವರು "ಅವರಿಬ್ಬರಿಗೂ ಆಗಿಬರೂದಿಲ್ರಿ" ಎಂದು ಹೇಳಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಅದೇ ಇಬ್ಬರು ಅಷ್ಟೇ ಗಮನವನ್ನು ಪ್ರೀತಿಯಿಂದ ಒಬ್ಬರ ಮೇಲೊಬ್ಬರು ಇಟ್ಟಿದ್ದರೆ ಊರು ಪ್ರಶ್ನೆ ಕೇಳಲು ಬಹಳ ದಿನ ಕಾಯುತ್ತಿರಲಿಲ್ಲ. ಈ ಸಂಗತಿ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಹೆಣ್ಣನ್ನು ಪ್ರೀತಿಸುವ ಹೆಣ್ಣಾಗಿ ಇದೇ ಊರಿನಲ್ಲಿ ಬೆಳೆದು, ಇಲ್ಲೇ ದುಡಿದು, ಈಗ ಇದೇ ಊರನ್ನು ಇಟ್ಟುಕೊಂಡು ಕಾದಂಬರಿ ಬರೆಯಲು ಕುಳಿತಿರುವ ನನಗೆ, ನಾನು ಆರಿಸಿಕೊಂಡ ಪ್ರಕಾರದ ಜೀವ ಇರುವುದು ಇಲ್ಲಿಯೇ ಎಂದು ತೋರುತ್ತದೆ.

ಇಂಗ್ಲಿಷಿನಲ್ಲಿ ಸ್ಯಾಫಿಕ್ ರೊಮಾನ್ಸ್, ಅಂದರೆ ಹೆಣ್ಣು ಹೆಣ್ಣನ್ನು ಪ್ರೀತಿಸುವ ಪ್ರೇಮಕಥೆಗಳನ್ನು, ಓದುವವರಿಗೆ ಈ ಕಥೆಗಳ ನಡೆ ಬಾಯಿಪಾಠವಾಗಿರುತ್ತದೆ. ದೊಡ್ಡ ನಗರದ ಗಾಜಿನ ಕಟ್ಟಡ, ವಕೀಲರ ಸಂಸ್ಥೆಯೋ ಆಸ್ಪತ್ರೆಯೋ ಪತ್ರಿಕಾ ಕಚೇರಿಯೋ. ಬಡ್ತಿ ಒಂದೇ, ಅದನ್ನು ಬಯಸುವ ಹೆಂಗಸರು ಇಬ್ಬರು. ಮೊದಲ ಅಧ್ಯಾಯದಲ್ಲಿ ಮಾತಿನ ಚಕಮಕಿ, ನಡುವೆ ಒಂದು ಪ್ರವಾಸ, ಆ ಪ್ರವಾಸದಲ್ಲಿ ಒಂದೇ ಮಂಚವಿರುವ ಹೋಟೆಲ್ ಕೋಣೆ, ಮುಕ್ಕಾಲು ಪುಸ್ತಕ ಮುಗಿಯುವಾಗ ಒಂದು ತಪ್ಪು ತಿಳಿವಳಿಕೆ ಮತ್ತು ಅಗಲಿಕೆ, ಕೊನೆಗೆ ಕೂಡುವಿಕೆ. ನಾನು ಇಂತಹವನ್ನು ರಾಶಿಗಟ್ಟಲೆ ಓದಿದ್ದೇನೆ, ಫೋನಿನ ಬೆಳಕನ್ನು ತಗ್ಗಿಸಿಕೊಂಡು, ಪಕ್ಕದಲ್ಲಿ ಮಲಗಿದವರಿಗೆ ತಿಳಿಯದಂತೆ ಓದಿದ್ದೇನೆ. ಇವುಗಳನ್ನು ಹೊತ್ತು ಕಳೆಯುವ ಸರಕೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಸುಖಾಂತವೆಂಬುದು ಈ ಪ್ರಕಾರಕ್ಕೆ ಪುಕ್ಕಟೆಯಾಗಿ ಸಿಕ್ಕಿದ್ದಲ್ಲ. 1950ರ ದಶಕದ ಅಮೆರಿಕದಲ್ಲಿ ಪುಸ್ತಕಗಳು ಅಂಚೆಯ ಮೂಲಕ ಹೋಗಬೇಕಿದ್ದುದರಿಂದ, ಅಶ್ಲೀಲವೆಂದು ತಡೆಹಿಡಿದಾರೆಂಬ ಭಯದಲ್ಲಿ ಅಗ್ಗದ ಪುಸ್ತಕಗಳ ಪ್ರಕಾಶಕರು ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆ ಸುಖವಾಗಿ ಮುಗಿಯಬಾರದೆಂದು ಲೇಖಕರಿಗೆ ತಾಕೀತು ಮಾಡುತ್ತಿದ್ದರು. ನಾಯಕಿಯರಲ್ಲಿ ಒಬ್ಬಳು ಸಾಯಬೇಕು, ಹುಚ್ಚಿಯಾಗಬೇಕು, ಇಲ್ಲವೇ ಗಂಡಸನ್ನು ಮದುವೆಯಾಗಬೇಕು. ಆ ಕಾಲದಲ್ಲೇ, 1952ರಲ್ಲಿ, ಪೆಟ್ರೀಷಿಯಾ ಹೈಸ್ಮಿತ್ ಇಬ್ಬರು ಹೆಂಗಸರಿಗೆ ಒಂದು ಭರವಸೆಯ ಕೊನೆಯನ್ನು ಕೊಟ್ಟ ಕಾದಂಬರಿಯನ್ನು ಬೇರೆ ಹೆಸರಿನಲ್ಲಿ ಪ್ರಕಟಿಸಿ, ತಮ್ಮ ಸ್ವಂತ ಹೆಸರನ್ನು ಅದರ ಮೇಲೆ ಹಾಕಲು 1990ರವರೆಗೆ ಕಾದರು. ಇಷ್ಟು ತಿಳಿದ ಮೇಲೆ, ಕೊನೆಯ ಪುಟದಲ್ಲಿ ಇಬ್ಬರೂ ಬದುಕಿ ಉಳಿದು ಒಬ್ಬರ ಕೈಯನ್ನೊಬ್ಬರು ಹಿಡಿಯುವುದು ನನಗೆ ಎಂದೂ ಸಣ್ಣ ಸಂಗತಿಯಾಗಿ ಕಂಡಿಲ್ಲ.

ಆದರೂ ಓದುವಾಗಲೆಲ್ಲ ಒಂದು ಪ್ರಶ್ನೆ ಹಾಗೆಯೇ ಉಳಿಯುತ್ತಿತ್ತು. ಇವರು ಮೊದಲು ಜಗಳವನ್ನೇ ಏಕೆ ಆಡಬೇಕು? ಆ ನಗರಗಳ ಹೆಂಗಸರು ಬಯಸಿದರೆ ನೇರವಾಗಿ ಹೋಗಿ ಕಾಫಿಗೆ ಕರೆಯಬಹುದು, ಅವರನ್ನು ತಡೆಯುವವರು ಕಡಿಮೆ. ಹಾಗಾಗಿ ಅಲ್ಲಿನ ಜಗಳ ಹಲವು ಸಲ ಕಥೆಯನ್ನು ಉದ್ದಮಾಡುವ ಉಪಾಯವಾಗಿ ಮಾತ್ರ ಉಳಿಯುತ್ತದೆ. ಆದರೆ ಅದೇ ಜಗಳವನ್ನು ತಂದು ಸೂಪರ್ ಮಾರ್ಕೆಟಿನ ಹಿಂದಿನ ಒಂದು ಕಚೇರಿಯಲ್ಲೋ, ಸೇಡಂ ರಸ್ತೆಯ ಒಂದು ಬ್ಯಾಂಕಿನಲ್ಲೋ ಇಟ್ಟು ನೋಡಿದರೆ ಅದು ಕಥೆಯ ಮೂಳೆಯೇ ಆಗಿಬಿಡುತ್ತದೆ. ಇಲ್ಲಿ ಒಬ್ಬ ಹೆಣ್ಣು ಇನ್ನೊಬ್ಬ ಹೆಣ್ಣನ್ನು ದಿನವೂ, ದೀರ್ಘವಾಗಿ, ಕಣ್ಣು ತೆಗೆಯದೆ ನೋಡಲು ಇರುವ ಗೌರವದ ಕಾರಣ ಪೈಪೋಟಿಯೊಂದೇ.

ಜ್ಯೇಷ್ಠತಾ ಪಟ್ಟಿಯ ಇಬ್ಬರು

ನಾನು ಮೊದಲು ಕೆಲಸಕ್ಕೆ ಸೇರಿದ ಕಚೇರಿಯಲ್ಲಿ ಅಂತಹ ಇಬ್ಬರಿದ್ದರು. ಒಂದೇ ವರ್ಷ ನೇಮಕವಾದವರು. ಜ್ಯೇಷ್ಠತಾ ಪಟ್ಟಿಯಲ್ಲಿ ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರ ಹೆಸರು. ಆ ಪಟ್ಟಿಯ ಕ್ರಮ ತಪ್ಪಾಗಿದೆ ಎಂದು ಕೆಳಗಿನವರು ಕೊಟ್ಟ ಆಕ್ಷೇಪಣೆ, ಅದಕ್ಕೆ ಮೇಲಿನವರು ಬರೆದ ಉತ್ತರ, ಆ ಉತ್ತರದ ಮೇಲಿನ ಉತ್ತರ, ಎಲ್ಲ ಸೇರಿ ಒಂದು ದಪ್ಪ ಕಡತವೇ ಆಗಿತ್ತು. ಹೊಸಬಳಾದ ನನಗೆ ಅದನ್ನು ಕ್ರಮವಾಗಿ ಜೋಡಿಸುವ ಕೆಲಸ ಬಂತು. ಆ ಕಾಗದಗಳಷ್ಟು ಎಚ್ಚರದಿಂದ ಬರೆದ ಬರಹವನ್ನು ನಾನು ಆ ಕಚೇರಿಯಲ್ಲಿ ಬೇರೆ ಎಲ್ಲಿಯೂ ಕಾಣಲಿಲ್ಲ. ಇಬ್ಬರೂ ಒಬ್ಬರ ವಾಕ್ಯವನ್ನೊಬ್ಬರು ಪೂರ್ತಿಯಾಗಿ ಓದಿದ್ದರು, ಒಂದು ಪದವನ್ನೂ ಬಿಡದೆ ಅದಕ್ಕೆ ಮಾರುತ್ತರ ಕೊಟ್ಟಿದ್ದರು, ಎದುರಾಳಿಯ ಬುದ್ಧಿಶಕ್ತಿಯನ್ನು ಎಲ್ಲಿಯೂ ಕಡೆಗಣಿಸಿರಲಿಲ್ಲ. ನಮ್ಮಲ್ಲಿ ಹೆಂಗಸರ ಮಾತನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳುವವರು ಎಷ್ಟು ಜನರಿದ್ದಾರೆ? ಮನೆಯಲ್ಲಿ ಗಂಡ ಕೇಳಿಸಿಕೊಳ್ಳದ, ಕಚೇರಿಯಲ್ಲಿ ಅಧಿಕಾರಿ ಅರ್ಧಕ್ಕೇ ತಡೆಯುವ ಮಾತನ್ನು ಆ ಇಬ್ಬರು ಪರಸ್ಪರ ಕೊನೆಯವರೆಗೆ ಕೇಳಿಸಿಕೊಂಡಿದ್ದರು.

ಒಂದು ಬೇಸಿಗೆಯಲ್ಲಿ ಅವರಲ್ಲಿ ಹಿರಿಯರಿಗೆ ಕಾಯಿಲೆಯಾಗಿ ಅವರು ಬಹುಕಾಲ ರಜೆಯ ಮೇಲೆ ಹೋದರು. ಕಲಬುರಗಿಯ ಮೇ ತಿಂಗಳು, ಬಿಸಿಲು 43 ಡಿಗ್ರಿ ದಾಟುವ ದಿನಗಳು. ಅವರ ಕುರ್ಚಿ ಇದ್ದುದು ಕಚೇರಿಯ ಒಂದೇ ಒಂದು ಏರ್ ಕೂಲರಿನ ಎದುರಿಗೆ. ಯಾರೋ ಸಹಜವಾಗಿ ಹೋಗಿ ಅಲ್ಲಿ ಕುಳಿತರು. ಕಿರಿಯರು ತಮ್ಮ ಜಾಗದಿಂದ ಎದ್ದು ಬಂದು, ದನಿಯನ್ನು ಒಂದಿಷ್ಟೂ ಎತ್ತರಿಸದೆ, "ಅದು ಅವರ ಖುರ್ಚಿ ಅದರಿ, ಏಳ್ರಿ" ಎಂದರು. ಕುಳಿತವರು ಎದ್ದರು. ಕಿರಿಯರು ಆ ಕುರ್ಚಿಯಲ್ಲಿ ತಾವೂ ಕೂರಲಿಲ್ಲ; ರಜೆ ಮುಗಿಯುವ ತನಕ ಆ ತಂಪು ಗಾಳಿ ಖಾಲಿ ಕುರ್ಚಿಯ ಮೇಲೆಯೇ ಬೀಸಿತು. ಅವರಿಬ್ಬರ ನಡುವೆ ಪ್ರೇಮವಿತ್ತೆಂದು ನಾನು ಹೇಳುತ್ತಿಲ್ಲ, ಹಾಗೆ ಊಹಿಸಲು ನನಗೆ ಯಾವ ಹಕ್ಕೂ ಇಲ್ಲ. ಆದರೆ ಒಬ್ಬರ ಸ್ಥಾನವನ್ನು ತಾನೇ ಗೆಲ್ಲಬೇಕೆಂದು ಬಯಸುವವಳು ಅದನ್ನು ಮತ್ತೊಬ್ಬರು ಪುಕ್ಕಟೆಯಾಗಿ ತೆಗೆದುಕೊಳ್ಳಲು ಬಿಡುವುದಿಲ್ಲ ಎಂಬುದನ್ನು ಆ ದಿನ ಕಂಡೆ, ಮತ್ತು ಪೈಪೋಟಿಯ ಒಳಗೆ ಇಂತಹದೊಂದು ನಿಷ್ಠೆ ಇರುತ್ತದೆ ಎಂಬುದನ್ನು ಕಾದಂಬರಿ ಬರೆಯಲು ಕುಳಿತಾಗ ಮೊಟ್ಟಮೊದಲು ಬರೆದುಕೊಂಡೆ.

ಹಗೆತನಕ್ಕೂ ಪೈಪೋಟಿಗೂ ಇರುವ ಅಂತರ ಈ ಪ್ರಕಾರದಲ್ಲಿ ಬಹಳ ಮುಖ್ಯವಾದದ್ದು, ಅದನ್ನು ಮರೆತ ಕಾದಂಬರಿಗಳು ನನಗೆ ಹಿಡಿಸುವುದಿಲ್ಲ. ಹಗೆಗಳು ಒಬ್ಬರನ್ನೊಬ್ಬರು ಹಾಳುಮಾಡಲು ನೋಡುತ್ತಾರೆ. ಪ್ರತಿಸ್ಪರ್ಧಿಗಳು ಒಂದೇ ವಸ್ತುವನ್ನು ಬಯಸುತ್ತಾರೆ, ಹಾಗೆ ಬಯಸುವುದರಿಂದಲೇ ಅದರ ಬೆಲೆ ಏನೆಂದು ಬಲ್ಲ ಇನ್ನೊಬ್ಬ ವ್ಯಕ್ತಿ ಲೋಕದಲ್ಲಿ ಯಾರು ಎಂಬುದು ಅವರಿಗೆ ಗೊತ್ತಿರುತ್ತದೆ. ಅದೇ ಕಾರಣಕ್ಕೆ, ಮೇಲಧಿಕಾರಿಣಿಯನ್ನೂ ಅವಳ ಕೈಕೆಳಗಿನವಳನ್ನೂ ಜೋಡಿಸುವ ಕಥೆಗಳನ್ನು ನಾನು ಬದಿಗಿಟ್ಟೆ. ಒಬ್ಬಳ ಗೌಪ್ಯ ವರದಿಯನ್ನು ಬರೆಯುವ ಅಧಿಕಾರ ಇನ್ನೊಬ್ಬಳ ಕೈಯಲ್ಲಿದ್ದರೆ ಅಲ್ಲಿ ಪೈಪೋಟಿ ಇರುವುದಿಲ್ಲ, ಒಪ್ಪಿಗೆಯೂ ಸ್ವಚ್ಛವಾಗಿ ಇರುವುದಿಲ್ಲ.

ಹೂವು ಬಿರಿಯುವ ಮುನ್ನ

ನನ್ನ ಇಬ್ಬರಿಗೆ ಕೆಲಸ ಯಾವುದು ಎಂದು ಬಹಳ ಯೋಚಿಸಿದೆ. ಹೈಕೋರ್ಟ್ ಪೀಠವಿರುವ ಊರಾದ್ದರಿಂದ ವಕೀಲರನ್ನಾಗಿ ಮಾಡಬಹುದಿತ್ತು, ಆದರೆ ವಕೀಲರ ಕಥೆ ಆ ಪ್ರಕಾರದಲ್ಲಿ ಸವೆದುಹೋಗಿದೆ. ಈ ನೆಲ ಬಿಟ್ಟು ಬೇರೆಲ್ಲೂ ನಡೆಯಲಾರದ ಕಥೆ ನನಗೆ ಬೇಕಿತ್ತು. ಜಿಲ್ಲೆಯಲ್ಲಿ ಐದು ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲದಲ್ಲಿ ತೊಗರಿ ಬಿತ್ತುತ್ತಾರೆ. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಮಳೆ, ಮದುವೆ, ಸಾಲ, ಗಂಜಿನ ಭಾವ, ಎಲ್ಲ ಲೆಕ್ಕವೂ ಕೊನೆಗೆ ಅದರ ಸುತ್ತಲೇ ತಿರುಗುತ್ತದೆ. ಆದ್ದರಿಂದ ನನ್ನ ನಾಯಕಿಯರು ತೊಗರಿಯ ತಳಿ ತೆಗೆಯುವ ಇಬ್ಬರು ವಿಜ್ಞಾನಿಗಳು, ಊರಾಚೆಯ ಒಂದು ಕಲ್ಪಿತ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುವವರು.

ಆ ಕೆಲಸ ಹೇಗೆ ನಡೆಯುತ್ತದೆಂದು ತಿಳಿಯಲು ತಳಿವಿಜ್ಞಾನ ಓದಿದ ಗೆಳತಿಯೊಬ್ಬಳನ್ನು ಕೇಳಿದೆ. ಅವಳು ದೀಪಾವಳಿಯ ಆಸುಪಾಸಿನಲ್ಲಿ, ತೊಗರಿ ಹೂಬಿಟ್ಟ ಕಾಲದಲ್ಲಿ, ಬೆಳಗಿನ ತಂಪಿನಲ್ಲಿ ನನ್ನನ್ನು ಒಂದು ಹೊಲಕ್ಕೆ ಕರೆದುಕೊಂಡು ಹೋದಳು. ಇಬ್ಬನಿಗೆ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುತ್ತಿತ್ತು. ನಾಳೆ ಅರಳಲಿರುವ ಮೊಗ್ಗನ್ನು ಹುಡುಕಬೇಕು, ಹಳದಿ ಎಸಳು ಪುಷ್ಪಪಾತ್ರೆಯಿಂದ ಈಗಷ್ಟೇ ಇಣುಕುತ್ತಿರಬೇಕು, ಅರಳಿದ ಹೂವಿನಿಂದ ಉಪಯೋಗವಿಲ್ಲ ಎಂದಳು. ಎಡಗೈಯ ಎರಡು ಬೆರಳ ನಡುವೆ ಮೊಗ್ಗನ್ನು ಹಿಡಿದು, ಸಣ್ಣ ಚಿಮುಟದ ಮೊನೆಯಿಂದ ಎಸಳನ್ನು ಬಿಡಿಸಿ, ಒಳಗಿನ ಹತ್ತು ಪರಾಗಕೋಶಗಳನ್ನು ಒಂದೊಂದಾಗಿ ತೆಗೆದಳು. ಹತ್ತು ಕೇಸರಗಳಲ್ಲಿ ಒಂಬತ್ತು ಬುಡದಲ್ಲಿ ಕೂಡಿಕೊಂಡಿರುತ್ತವೆ, ಒಂದು ಮಾತ್ರ ಬಿಡಿಯಾಗಿ ನಿಂತಿರುತ್ತದೆ. ಒಂದನ್ನು ಮರೆತರೂ ಹೂವು ತನ್ನಷ್ಟಕ್ಕೆ ತಾನೇ ಕಾಯಿಕಟ್ಟಿ ಆ ಶ್ರಮವೆಲ್ಲ ವ್ಯರ್ಥ. ಆಮೇಲೆ ಇನ್ನೊಂದು ತಳಿಯ ಹೂವನ್ನು ತಂದು ಅದರ ಪರಾಗವನ್ನು ಮೊಗ್ಗಿನೊಳಗಿನ ಹೆಣ್ಣುಭಾಗವಾದ ಶಲಾಕೆಯ ತುದಿಗೆ ಸೋಕಿಸಿ, ತೊಟ್ಟಿಗೆ ಬಣ್ಣದ ದಾರ ಕಟ್ಟಿದಳು. ಅವಳು ಚಿಮುಟ ಹಿಡಿದಷ್ಟು ಹೊತ್ತು ನಾನು ರೆಂಬೆಯನ್ನು ಅಲುಗದಂತೆ ಹಿಡಿದಿದ್ದೆ. ನಮ್ಮಿಬ್ಬರ ಮುಖಗಳ ನಡುವೆ ಆ ಮೊಗ್ಗಿನಷ್ಟೇ ಜಾಗವಿತ್ತು, ಇಬ್ಬರೂ ಉಸಿರನ್ನು ಬಿಗಿಹಿಡಿದಿದ್ದೆವು. ಇಷ್ಟು ಮಾಡಿದ ಮೇಲೂ ಹೀಗೆ ಸೋಕಿಸಿದ ಹೂಗಳಲ್ಲಿ ಹೆಚ್ಚಿನವು ಕಾಯಿಕಟ್ಟದೆ ಉದುರುತ್ತವೆ, ಅದಕ್ಕೇ ಇದನ್ನು ನೂರಾರು ಹೂಗಳ ಮೇಲೆ ಮಾಡುತ್ತಾ ಹೋಗಬೇಕು ಎಂದು ಅವಳು ಹೇಳಿದಳು.

ಒಂದೇ ಮಂಚದ ಹೋಟೆಲ್ ಕೋಣೆ ನನ್ನ ಕಾದಂಬರಿಗೆ ಬೇಕಿಲ್ಲ ಎಂದು ನಾನು ಆ ಹೊಲದಲ್ಲೇ ನಿರ್ಧರಿಸಿದೆ. ಕೂಲಿಯವರು ಹಬ್ಬಕ್ಕೆ ಊರಿಗೆ ಹೋದ ದಿನಗಳಲ್ಲಿ, ಹೂವಿನ ಕಾಲ ಮೀರಿಹೋಗುವ ಆತಂಕದಲ್ಲಿ, ಪರಸ್ಪರ ಮಾತುಬಿಟ್ಟ ಇಬ್ಬರು ವಿಜ್ಞಾನಿಗಳು ಒಬ್ಬಳು ರೆಂಬೆ ಹಿಡಿದು ಇನ್ನೊಬ್ಬಳು ಚಿಮುಟ ಹಿಡಿದು ಬೆಳಗಿನಿಂದ ಬಿಸಿಲೇರುವ ತನಕ ನಿಲ್ಲಲೇಬೇಕಾಗುತ್ತದೆ. ಕೆಲಸವೇ ಅವರನ್ನು ಅಷ್ಟು ಹತ್ತಿರಕ್ಕೆ ತರುತ್ತದೆ, ಅದಕ್ಕೆ ಲೇಖಕಿಯ ಕೈವಾಡ ಬೇಕಾಗುವುದಿಲ್ಲ. ಹಾದುಹೋಗುವವರು ಯಾರಾದರೂ ನೋಡಿದರೆ ಕಾಣುವುದು ಇಬ್ಬರು ಮೇಡಂಗಳು ಮತ್ತು ಒಂದು ಗಿಡ.

ನೆಟೆ ಮೇಡಂ, ಹುಳದ ಮೇಡಂ

ಕೇಂದ್ರದ ಕೂಲಿ ಹೆಂಗಸರು ಅವರನ್ನು ಅವರವರ ಕೆಲಸದಿಂದಲೇ ಕರೆಯುತ್ತಾರೆ, ಹಾಗಾಗಿ ಕರಡಿನಲ್ಲಿ ನಾನೂ ಹಾಗೆಯೇ ಕರೆಯುತ್ತಿದ್ದೇನೆ. ನೆಟೆ ಮೇಡಂ ಸೇಡಂ ಕಡೆಯ ಒಕ್ಕಲು ಮನೆತನದವಳು. ನೆಟೆ ರೋಗ ತಾಳುವ ತಳಿ ತೆಗೆಯುವುದು ಅವಳ ಕೆಲಸ. ನೆಟೆಯ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಬೇರಿನಿಂದ ಏರಿ ಕಾಂಡದ ನೀರಿನ ದಾರಿಯನ್ನು ಕಟ್ಟುತ್ತದೆ, ಬುಡದಿಂದ ಮೇಲಕ್ಕೆ ನೇರಳೆಗಂದು ಪಟ್ಟಿಯೊಂದು ಕಾಣಿಸಿಕೊಂಡು ಹೂವು ಕಾಯಿ ಹೊತ್ತ ಗಿಡ ನಿಂತಲ್ಲೇ ಬಾಡುತ್ತದೆ. 2022-23ರ ಹಂಗಾಮಿನಲ್ಲಿ ಈ ರೋಗ ಜಿಲ್ಲೆಯ ತೊಗರಿಯನ್ನು ಹೇಗೆ ಒಣಗಿಸಿತು, ಸರ್ಕಾರ ಪರಿಹಾರ ಘೋಷಿಸಬೇಕಾದ ಸ್ಥಿತಿ ಹೇಗೆ ಬಂತು ಎಂಬುದನ್ನು ಇಲ್ಲಿಯವರಿಗೆ ಹೇಳಬೇಕಿಲ್ಲ. ರೋಗವನ್ನು ಬೇಕೆಂದೇ ಸಾಕಿದ ಒಂದು ಮಡಿಯಲ್ಲಿ ನೂರಾರು ಸಾಲು ಬಿತ್ತಿ, ಸಾಯುವುದನ್ನು ಸಾಯಲು ಬಿಟ್ಟು, ಬದುಕಿದ ಗಿಡದ ಬೀಜವನ್ನು ಮಾತ್ರ ಅವಳು ಆರಿಸುತ್ತಾಳೆ. ಹುಳದ ಮೇಡಂ ಮಂಡ್ಯದ ಕಡೆಯಿಂದ ಬಂದವಳು. ಅವಳ ಹೋರಾಟ ಕಾಯಿಕೊರಕದ ಜೊತೆ. ಆ ಹುಳ ತಲೆಯನ್ನು ಕಾಯಿಯೊಳಗೆ ತೂರಿಸಿ ಮೈಯನ್ನು ಹೊರಗಿಟ್ಟು ಕಾಳು ತಿನ್ನುತ್ತದೆ, ಅದನ್ನು ಪೂರ್ತಿ ತಾಳುವ ಗುಣ ಬೇಸಾಯದ ತೊಗರಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಅವಳ ಕೆಲಸ ಹೆಚ್ಚು ಕಷ್ಟದ್ದು, ಫಲ ಕಡಿಮೆ, ವಾರ್ಷಿಕ ಸಭೆಗಳಲ್ಲಿ ಅವಳು ಕೇಳಬೇಕಾದ ಮಾತು ಹೆಚ್ಚು. ಕೇಂದ್ರದಲ್ಲಿ ಮೇಲಿನ ಹುದ್ದೆ ಒಂದೇ, ನೀರಾವರಿ ಇರುವ ಒಳ್ಳೆಯ ಮಡಿ ಒಂದೇ, ರಾಜ್ಯಮಟ್ಟದ ಪ್ರಯೋಗಕ್ಕೆ ಆ ವರ್ಷ ಕಳುಹಿಸಬಹುದಾದ ತಳಿಯೂ ಒಂದೇ.

ಮೊದಲ ಜಗಳಕ್ಕೆ ಕಾರಣ ಜೇನುನೊಣ. ತೊಗರಿ ತನ್ನದೇ ಪರಾಗದಿಂದ ಕಾಯಿಕಟ್ಟಬಲ್ಲದು, ಆದರೆ ಜೇನುನೊಣಗಳು ಒಂದು ಸಾಲಿನಿಂದ ಇನ್ನೊಂದಕ್ಕೆ ಪರಾಗ ಒಯ್ಯುವುದರಿಂದ ತಳಿಗಳು ಸಾಕಷ್ಟು ಬೆರೆಯುತ್ತವೆ. ಶುದ್ಧ ಬೀಜ ಬೇಕೆಂದರೆ ಗಿಡಕ್ಕೆ ಪರದೆ ಕಟ್ಟಬೇಕು, ಇಲ್ಲವೇ ಮಡಿಗಳ ನಡುವೆ ಅಂತರ ಬಿಡಬೇಕು. ಪಕ್ಕದ ಮಡಿಯವಳು ಪರದೆ ಸರಿಯಾಗಿ ಕಟ್ಟದೆ ನನ್ನ ಸಾಲುಗಳನ್ನೆಲ್ಲ ಕೆಡಿಸಿದಳೆಂದು ಹುಳದ ಮೇಡಂ ಲಿಖಿತ ದೂರು ಕೊಡುತ್ತಾಳೆ. ಪರದೆಗೆ ಹಣ ಮಂಜೂರಾಗಿದ್ದರೆ ಕಟ್ಟುತ್ತಿದ್ದೆ, ಬೇಕಾದರೆ ಹೋಗಿ ಜೇನುನೊಣಕ್ಕೆ ನೋಟಿಸು ಕೊಡಿರೆಂದು ನೆಟೆ ಮೇಡಂ ಉತ್ತರ ಬರೆಯುತ್ತಾಳೆ. ಆ ಪತ್ರವ್ಯವಹಾರವನ್ನು ಬರೆಯುವಾಗ ನಾನು ಹಿಂದೆ ಜೋಡಿಸಿದ ಕಡತ ನನ್ನ ನೆರವಿಗೆ ಬಂತು.

ಜಗಳದ ಆಳದಲ್ಲಿ ಇನ್ನೂ ಒಂದು ಮಾತಿದೆ, ಅದನ್ನು ಬಿಟ್ಟು ಕಲಬುರಗಿಯ ಕಚೇರಿಯ ಕಥೆ ಬರೆಯಲು ಆಗುವುದಿಲ್ಲ. ದಕ್ಷಿಣದ ಜಿಲ್ಲೆಗಳಲ್ಲಿ ಇಲ್ಲಿಗೆ ವರ್ಗವಾಗುವುದೆಂದರೆ ಶಿಕ್ಷೆಯೆಂಬ ಭಾವನೆ ಬಹಳ ಹಳೆಯದು. ಬಂದವರು ಬಂದ ದಿನವೇ ಮರಳುವ ಅರ್ಜಿ ಸಿದ್ಧಮಾಡಿಟ್ಟುಕೊಳ್ಳುತ್ತಾರೆ. ಇಲ್ಲಿಯವರು ಅದನ್ನು ನೋಡಿ ನೋಡಿ ಬೆಂದಿದ್ದಾರೆ, ಈ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ತಮಗೆ ಸಿಕ್ಕ ಹುದ್ದೆಯನ್ನು ಅರ್ಹತೆಯಿಂದ ಪಡೆದದ್ದಲ್ಲವೆಂದು ಆಡಿಕೊಳ್ಳುವವರ ಮಾತಿನಿಂದಲೂ ಬೆಂದಿದ್ದಾರೆ. ಹುಳದ ಮೇಡಂ ಒಮ್ಮೆ ಸಭೆಯಲ್ಲಿ ಆ ಅರ್ಥ ಬರುವ ಮಾತೊಂದನ್ನು ಆಡುತ್ತಾಳೆ. ನೆಟೆ ಮೇಡಂ ಅದಕ್ಕೆ ಸಭೆಯಲ್ಲಿ ಉತ್ತರ ಕೊಡುವುದಿಲ್ಲ. ಎಳ್ಳಮಾವಾಸ್ಯೆಗೆ ಅವಳನ್ನು ತನ್ನ ತಂದೆಯ ಹೊಲಕ್ಕೆ ಕರೆಯುತ್ತಾಳೆ. ಬೆಳೆಗೆ ಎಡೆಯಾಗಿ ಅಡುಗೆಯನ್ನು ಹೊಲದ ತುಂಬ ಚೆಲ್ಲುವ, ಅಂದರೆ ಚರಗ ಚೆಲ್ಲುವ ದಿನ, ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬಂದಿದ್ದಾರೆ, ಸಜ್ಜೆರೊಟ್ಟಿ, ಭಜ್ಜಿ, ಕಡುಬು, ಅಂಬಲಿ. ಸುತ್ತಲೂ ತೊಗರಿ ನಿಂತಿದೆ, ಅರ್ಧ ಹೊಲ ಒಣಗಿ ನಿಂತಿದೆ. ಆ ಒಣಗಿದ ಸಾಲುಗಳಿಗೂ ತಂದೆ ಅಷ್ಟೇ ಶ್ರದ್ಧೆಯಿಂದ ಚರಗ ಚೆಲ್ಲಿಕೊಂಡು ಹೋಗುವುದನ್ನು ನೋಡಿದ ಮೇಲೆ ಹುಳದ ಮೇಡಂಗೆ ತಾನು ಆಡಿದ ಮಾತಿನ ಭಾರ ಗೊತ್ತಾಗುತ್ತದೆ. ಊಟವಾದ ಮೇಲೆ, ಉಳಿದ ಅರ್ಧ ಹೊಲದಲ್ಲಿ ಹುಳ ಬಿದ್ದಿರುವುದನ್ನು ಅವಳೇ ಮೊದಲು ಕಾಣುತ್ತಾಳೆ. ಈ ಭಾಗದ ರೈತರು ಗಿಡವನ್ನು ಅಲುಗಿಸಿ ಹುಳಗಳನ್ನು ಹಾಳೆಯ ಮೇಲೆ ಉದುರಿಸಿ ಕೊಲ್ಲುವ ಪದ್ಧತಿಯೊಂದಿದೆ. ಆ ಸಂಜೆ ಇಬ್ಬರೂ ಒಂದು ಹಾಳೆಯ ಎರಡು ತುದಿಗಳನ್ನು ಹಿಡಿದು ಸಾಲಿನಿಂದ ಸಾಲಿಗೆ ನಡೆಯುತ್ತಾರೆ. ಕಾದಂಬರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ಇದು. ಇದರಲ್ಲಿ ಅವರು ಪ್ರೇಮದ ಮಾತನ್ನು ಒಂದನ್ನೂ ಆಡುವುದಿಲ್ಲ.

ನೆಟೆ ತಾಳುವ ಇವಳ ತಳಿಯನ್ನು ಹುಳ ತಿನ್ನುತ್ತದೆ, ಹುಳವನ್ನು ತಕ್ಕಮಟ್ಟಿಗೆ ತಾಳುವ ಅವಳ ತಳಿ ನೆಟೆಗೆ ಸಾಯುತ್ತದೆ, ಹಾಗಾಗಿ ಎರಡನ್ನೂ ಕೂಡಿಸಬೇಕು ಎಂಬುದು ಕಥೆಯಲ್ಲಿ ತಾನಾಗಿಯೇ ಬರುತ್ತದೆ. ಇದು ತೀರಾ ಸಲೀಸಾದ ರೂಪಕವಾಗುವ ಅಪಾಯವಿತ್ತು. ಆದ್ದರಿಂದ ಆ ಕೂಡಿಕೆಯನ್ನು ನಾನು ಪ್ರೇಮಕ್ಕಿಂತ ಬಹಳ ಮೊದಲೇ, ಜಗಳದ ನಡುವೆಯೇ ಇಟ್ಟೆ. ಯಾರ ತಳಿ ತಾಯಿ, ಯಾರದ್ದು ತಂದೆ ಎಂದು ಅವರು ಅದಕ್ಕೂ ಜಗಳವಾಡುತ್ತಾರೆ. ಒಂದು ತಳಿ ಬೀಜವಾಗಿ ರೈತನ ಕೈಸೇರಲು ಎಂಟು ಹತ್ತು ವರ್ಷಗಳೇ ಬೇಕು, ಮಳೆಯ ತೊಗರಿಗೆ ವರ್ಷಕ್ಕೆ ಒಂದೇ ಹಂಗಾಮು. ಮೂರು ವಾರದಲ್ಲಿ ಮುಗಿಯುವ ಪ್ರೇಮಕಥೆಗಳನ್ನು ಓದಿ ಬೆಳೆದ ನನಗೆ, ಒಂದು ಹೂವಿನ ಕಾಲ ತಪ್ಪಿದರೆ ಮುಂದಿನ ವರ್ಷದ ತನಕ ಕಾಯಲೇಬೇಕಾದ ಈ ನಿಧಾನ ಬಹಳ ಹಿಡಿಸಿತು. ನಮ್ಮ ಊರುಗಳಲ್ಲಿ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನಂಬಲು ನಿಜಕ್ಕೂ ಅಷ್ಟು ಕಾಲವೇ ಹಿಡಿಯುತ್ತದೆ, ಏಕೆಂದರೆ ತಪ್ಪಾದ ವ್ಯಕ್ತಿಯ ಎದುರು ಆಡಿದ ಒಂದೇ ಮಾತು ತವರಿಗೂ, ಕಚೇರಿಗೂ, ಬಾಡಿಗೆ ಮನೆಯ ಮಾಲೀಕರಿಗೂ ಒಂದೇ ದಿನದಲ್ಲಿ ತಲುಪಬಲ್ಲದು.

ಬಾಡಿಗೆ ಮನೆಯ ವಿಷಯ ಬಂದದ್ದರಿಂದ ಹೇಳುತ್ತೇನೆ. ಇಬ್ಬರು ನೌಕರಿಯ ಹೆಂಗಸರು ಒಂದು ಮನೆಯಲ್ಲಿರುತ್ತೇವೆಂದರೆ ಕಲಬುರಗಿಯಲ್ಲಿ ಮನೆ ಸಿಗುತ್ತದೆ, ಒಬ್ಬಳೇ ಇರುತ್ತೇನೆಂದರೆ ಸಿಗುವುದಕ್ಕಿಂತ ಸುಲಭವಾಗಿ ಸಿಗುತ್ತದೆ. ಹೆಂಗಸರು ಕೂಡಿ ಇರುವುದನ್ನು ಊರು ಸುರಕ್ಷತೆಯೆಂದು ಓದುತ್ತದೆ. ಆ ಓದಿನ ನೆರಳಲ್ಲಿ ಎಷ್ಟೋ ಬದುಕುಗಳು ನೆಮ್ಮದಿಯಾಗಿ ನಡೆದಿವೆ ಎಂದು ನಾನು ಬಲ್ಲೆ. ಆದರೆ ಆ ನೆರಳು ಇರುವುದು ಮದುವೆಯ ವಯಸ್ಸು ಮೀರಿತೆಂದು ಮನೆಯವರು ಎಚ್ಚರಗೊಳ್ಳುವ ತನಕ. ನೆಟೆ ಮೇಡಂನ ತಾಯಿ ಗಂಡುಗಳ ಫೋಟೋ ಕಳಿಸುತ್ತಲೇ ಇರುವುದನ್ನು ನಾನು ಕಥೆಯ ಅಂಚಿನಲ್ಲಿಟ್ಟಿದ್ದೇನೆ, ನಡುವಿಗೆ ತಂದಿಲ್ಲ. ಕುಟುಂಬದ ಕಾಟವನ್ನೇ ಕಥೆಯ ನಡುವೆ ಇಟ್ಟ ಬರಹಗಳು ನಮ್ಮಲ್ಲಿ ಈಗಾಗಲೇ ಇವೆ, ಅವು ಬೇಕಾದವೇ. ಈ ಕಾದಂಬರಿಯಲ್ಲಿ ನನ್ನ ಹೆಂಗಸರು ತಮ್ಮ ಹೊತ್ತಿನ ಬಹುಪಾಲನ್ನು ಕೆಲಸಕ್ಕೆ ಕೊಡಬೇಕೆಂಬುದು ನನ್ನ ಹಟ.

ವರ್ಗಾವಣೆ

ಮುಕ್ಕಾಲು ಪುಸ್ತಕದ ಅಗಲಿಕೆಯನ್ನು ಇಂಗ್ಲಿಷ್ ಕಾದಂಬರಿಗಳು ಸಾಮಾನ್ಯವಾಗಿ ಒಂದು ತಪ್ಪು ತಿಳಿವಳಿಕೆಯಿಂದ ತರುತ್ತವೆ. ಬಾಗಿಲ ಬಳಿ ಅರ್ಧ ಕೇಳಿಸಿಕೊಂಡ ಮಾತು, ಓದಬಾರದಿದ್ದ ಸಂದೇಶ. ಸರ್ಕಾರಿ ನೌಕರಿಯ ಕಥೆಗೆ ಅದರ ಅಗತ್ಯವಿಲ್ಲ. ಒಂದು ವರ್ಗಾವಣೆ ಆದೇಶ ಸಾಕು, ಅದರಲ್ಲಿ ಯಾರ ತಪ್ಪು ತಿಳಿವಳಿಕೆಯೂ ಇರುವುದಿಲ್ಲ. ನನ್ನ ಕರಡಿನಲ್ಲಿ ಬಡ್ತಿ ನೆಟೆ ಮೇಡಂಗೆ ಸಿಗುತ್ತದೆ, ಬಡ್ತಿಯ ಜೊತೆಗೆ ಬೀದರಿಗೆ ವರ್ಗವೂ ಸಿಗುತ್ತದೆ.

ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರರಾಗಿದ್ದರೆ 'ಪತಿ-ಪತ್ನಿ ಪ್ರಕರಣ' ಎಂದು ಅರ್ಜಿಯಲ್ಲಿ ಬರೆದು ಒಂದೇ ಊರನ್ನು ಕೇಳಬಹುದು. ಇಬ್ಬರು ಹೆಂಗಸರಿಗೆ ಆ ಅರ್ಜಿಯಲ್ಲಿ ತುಂಬಲು ಜಾಗವೇ ಇಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಕಲಮಿನ ಹಿಡಿತದಿಂದ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಬಿಡಿಸಿತು. ಆ ದಿನ ನಾನು ಕಚೇರಿಯಲ್ಲಿ ಏನೂ ಆಗದವಳಂತೆ ಲೆಕ್ಕದ ಪುಸ್ತಕ ಬರೆಯುತ್ತಾ, ಮನಸ್ಸಿನಲ್ಲಿ ಆ ತೀರ್ಪಿನ ಸುದ್ದಿಯನ್ನು ಮತ್ತೆ ಮತ್ತೆ ಓದುತ್ತಿದ್ದೆ. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಮದುವೆಯ ಹಕ್ಕನ್ನು ಕೊಡಲು ಒಪ್ಪಲಿಲ್ಲ. 2024ರ ಆಗಸ್ಟಿನಲ್ಲಿ ಕೇಂದ್ರದ ಹಣಕಾಸು ಸಚಿವಾಲಯ, ಇಂತಹ ಸಂಗಾತಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಒಬ್ಬರು ಇನ್ನೊಬ್ಬರನ್ನು ನಾಮಿನಿಯಾಗಿ ಹೆಸರಿಸಲು ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿತು. ಪ್ರೇಮಿಸಿದರೆ ಅಪರಾಧವಲ್ಲ, ಖಾತೆ ತೆರೆಯಬಹುದು, ಆದರೆ ಒಂದೇ ಊರಿನಲ್ಲಿ ಇರಿಸಿರೆಂದು ಕೇಳುವಂತಿಲ್ಲ. ಇಂದಿನ ಸ್ಥಿತಿ ಇಷ್ಟು. ನನ್ನ ನಾಯಕಿಯರು ಸ್ಟೇಷನ್ ರಸ್ತೆಯ ಒಂದು ಬ್ಯಾಂಕಿಗೆ ಹೋಗಿ ಖಾತೆ ತೆರೆಯುತ್ತಾರೆ, ಸಂಬಂಧವೇನೆಂದು ಕೇಳುವ ಅಂಕಣದ ಎದುರು ಪೆನ್ನು ಹಿಡಿದು ನಿಲ್ಲುತ್ತಾರೆ. ಅವರು ಅಲ್ಲಿ ಏನು ಬರೆಯುತ್ತಾರೆಂಬುದನ್ನು ಓದುಗರಿಗೆ ಮರೆಮಾಡುವುದು ನನಗೆ ಇಷ್ಟವಾಗಲಿಲ್ಲ. ಅವರು 'ಸಂಗಾತಿ' ಎಂದೇ ಬರೆಯುತ್ತಾರೆ, ಕೌಂಟರಿನಲ್ಲಿದ್ದ ಹುಡುಗಿ ಅದನ್ನು ಓದಿ ಮುದ್ರೆ ಒತ್ತುತ್ತಾಳೆ.

ಈ ಕರಡನ್ನು ಓದಿದ ಇಬ್ಬರು ಗೆಳತಿಯರು ನೆಟೆ ಮೇಡಂ ಬಡ್ತಿಯನ್ನು ಬಿಟ್ಟುಕೊಡಲಿ, ಇಲ್ಲವೇ ಹುಳದ ಮೇಡಂ ಕೆಲಸ ಬಿಟ್ಟು ಅವಳ ಹಿಂದೆ ಹೋಗಲಿ, ಪ್ರೇಮ ದೊಡ್ಡದೆಂದು ಆಗ ತಿಳಿಯುತ್ತದೆ ಎಂದರು. ನಾನು ಒಪ್ಪಲಿಲ್ಲ. ಗಂಡಿಗಾಗಿ ನೌಕರಿ ಬಿಟ್ಟ ಹೆಂಗಸರ ಕಥೆಗಳನ್ನು ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ ನಮ್ಮ ತಾಯಂದಿರು ಸಾಕಷ್ಟು ಓದಿದ್ದಾರೆ. ಹೆಣ್ಣಿಗಾಗಿ ಬಿಟ್ಟರೂ ಅದು ಅದೇ ಕಥೆ. ಈ ಇಬ್ಬರಲ್ಲಿ ಪ್ರೀತಿ ಹುಟ್ಟಿದ್ದೇ ಒಬ್ಬಳು ಇನ್ನೊಬ್ಬಳ ಕೆಲಸವನ್ನು ಕಂಡು, ಅದಕ್ಕೆ ಹೊಟ್ಟೆಕಿಚ್ಚುಪಟ್ಟು, ಅದನ್ನು ಮೀರಿಸಬೇಕೆಂದು ರಾತ್ರಿಗಳನ್ನು ಕಳೆದದ್ದರಿಂದ. ಆ ಕೆಲಸವನ್ನು ಕಿತ್ತುಕೊಂಡು ಪ್ರೀತಿಯನ್ನು ಉಳಿಸುವುದು ಹೇಗೆ? ಬಡ್ತಿ ಸಿಗದವಳಿಗೆ ನೋವಾಗುತ್ತದೆ, ಅದನ್ನು ಅವಳು ಮುಚ್ಚಿಡುವುದಿಲ್ಲ. ಬಡ್ತಿ ಸಿಕ್ಕವಳು ಅದಕ್ಕಾಗಿ ಕ್ಷಮೆ ಕೇಳುವುದಿಲ್ಲ. ಆ ಎರಡನ್ನೂ ಒಂದೇ ಅಡುಗೆಮನೆಯಲ್ಲಿ ಕೂಡಿಸಿ ಬರೆದ ಪುಟಗಳಿಗೆ ನಾನು ಪಟ್ಟಷ್ಟು ಕಷ್ಟವನ್ನು ಬೇರೆ ಯಾವ ಪುಟಕ್ಕೂ ಪಡಲಿಲ್ಲ, ಅವುಗಳನ್ನು ಬಿಟ್ಟುಕೊಡಲು ನಾನು ಸಿದ್ಧಳಿಲ್ಲ.

ಕಲಬುರಗಿಗೂ ಬೀದರಿಗೂ ನಡುವೆ ಸುಮಾರು 110 ಕಿಲೋಮೀಟರ್. ಎರಡು ಊರುಗಳನ್ನು ನೇರವಾಗಿ ಕೂಡಿಸುವ ರೈಲು ಮಾರ್ಗಕ್ಕಾಗಿ ಈ ಭಾಗದ ಜನ ಬಹಳ ವರ್ಷ ಕಾದು, 2017ರ ಅಕ್ಟೋಬರಿನಲ್ಲಿ ಅದು ಆರಂಭವಾಯಿತು. ಹೀಗಾಗಿ ನನ್ನ ಕೊನೆಯ ಅಧ್ಯಾಯ ಆ ರೈಲಿನಲ್ಲಿ ನಡೆಯುತ್ತದೆ. ಹುಳದ ಮೇಡಂ ಪ್ರತಿ ವರ್ಷ ಬರೆಯುತ್ತಿದ್ದ ಮಂಡ್ಯದ ಅರ್ಜಿಯನ್ನು ಈ ವರ್ಷ ಬರೆದಿಲ್ಲ. ಶನಿವಾರ ಕೆಲಸ ಮುಗಿಸಿ ಹತ್ತಿದ್ದಾಳೆ, ಸಭೆಗೆಂದು ಕಲಬುರಗಿಗೆ ಬಂದಿದ್ದ ನೆಟೆ ಮೇಡಂ ಪಕ್ಕದಲ್ಲೇ ಕುಳಿತಿದ್ದಾಳೆ, ಕಮಲಾಪುರದಲ್ಲಿ ಯಾರೋ ಕೆಂಪು ಬಾಳೆಯ ಗೊನೆಯನ್ನು ಬಾಗಿಲಲ್ಲಿಟ್ಟು ದಾರಿ ಕಟ್ಟಿದ್ದಾರೆ. ಇಬ್ಬರ ತಳಿಗಳು ಕೂಡಿ ಬಂದ ಹೊಸ ಸಾಲನ್ನು ಬಿಡುಗಡೆಗೆ ಶಿಫಾರಸು ಮಾಡುವ ಪ್ರಸ್ತಾವ ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ತೆರೆದಿದೆ, ತಳಿ ತೆಗೆದವರ ಹೆಸರಿನ ಅಂಕಣ ಖಾಲಿಯಿದೆ.

"ಅಕ್ಷರಮಾಲೆಯ ಕ್ರಮದಲ್ಲಿ ಹಾಕೋಣ" ಎನ್ನುತ್ತಾಳೆ ಹುಳದ ಮೇಡಂ.

"ಹಂಗ ಹಾಕಿದ್ರ ನಿಮ್ದೇ ಮೊದಲ ಬರ್ತದ, ಅದಕ್ಕೇ ಹೇಳ್ಲಿಕತ್ತೀರಿ. ತಾಯಿ ತಳಿ ಯಾರ್ದದ, ಅವರ ಹೆಸರು ಮೊದಲ."

"ತಾಯಿ ತಳಿ ನಿಮ್ಮದು ಅಂತ ತೀರ್ಮಾನ ಮಾಡಿದ್ದು ನೀವೇ. ನಾನು ಅದಕ್ಕೆ ಅಂದೇ ಲಿಖಿತವಾಗಿ ಆಕ್ಷೇಪಣೆ ಕೊಟ್ಟಿದ್ದೇನೆ."

"ಅದನ್ನ ಇಟ್ಕೊಂಡೀನಿ ನಾ" ಎನ್ನುತ್ತಾಳೆ ನೆಟೆ ಮೇಡಂ. ರೈಲು ಹುಮನಾಬಾದ್ ದಾಟುವ ತನಕ ಬರೆದಿದ್ದೇನೆ, ಅಂಕಣ ಇನ್ನೂ ಖಾಲಿಯಿದೆ, ಇಬ್ಬರಲ್ಲಿ ಒಬ್ಬರೂ ಸೋಲುವಂತೆ ಕಾಣುತ್ತಿಲ್ಲ.